ಶಿಕ್ಷಕರಲ್ಲಿ ಕುತ್ತಿಗೆ ನೋವು ಹಾಗೂ ಕುತ್ತಿಗೆಯ ಸ್ನಾಯುಬಲ: ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯು ಒಂದು ಹೋಬಳಿ ಕೇಂದ್ರ. ಇಲ್ಲಿಯ ಹಾಗೂ ಸುತ್ತಲಿನ ಗ್ರಾಮಗಳ ಶಾಲೆಗಳಲ್ಲಿ ಸೇವೆ ಸಲ್ಲಿಸುವ ಶಿಕ್ಷಕ-ಶಿಕ್ಷಕಿಯರ ಬಾಯಲ್ಲಿ "ಗೋಣು ಹಿಡಿದಿದೆ" ಎಂಬ ಮಾತು ಅಪರೂಪವೇನಲ್ಲ. ಒಂದು ಗುಳಿಗೆ ನುಂಗಿ, ಮುಲಾಮು ಸವರಿ ಮರುದಿನ ತರಗತಿಗೆ ಹೋಗುವುದು ರೂಢಿ. ನೋವು ಮರುಕಳಿಸಿದಾಗ ಮತ್ತೆ ಅದೇ ಗುಳಿಗೆ. ವರ್ಷಗಳು ಉರುಳಿದಂತೆ ಇದು ವೃತ್ತಿಯ ಒಂದು ಭಾಗವೆಂಬಂತೆ ಒಪ್ಪಿಕೊಳ್ಳಲಾಗುತ್ತದೆ.

ಹೀಗೆ ಒಪ್ಪಿಕೊಳ್ಳುವ ಅಗತ್ಯವಿಲ್ಲ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಸಾಮಾನ್ಯ ಕುತ್ತಿಗೆ ನೋವಿನ ಬಹುಪಾಲು ಪ್ರಕರಣಗಳಲ್ಲಿ ಮೂಳೆಯ ಸವೆತಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಕುತ್ತಿಗೆಯ ಸ್ನಾಯುಗಳ ಬಲ ಮತ್ತು ಅವುಗಳ ತಾಳಿಕೆ. ಈ ಬಲವನ್ನು ಯಾವ ವಯಸ್ಸಿನಲ್ಲಿಯೂ, ಹೆಚ್ಚಿನ ಖರ್ಚಿಲ್ಲದೆ, ಮನೆಯಲ್ಲಿಯೇ ಹೆಚ್ಚಿಸಿಕೊಳ್ಳಲು ಸಾಧ್ಯವಿದೆ.

2. ಸಮಸ್ಯೆಯ ವ್ಯಾಪ್ತಿ

ಜಾಗತಿಕ ರೋಗಭಾರ ಅಧ್ಯಯನದ ಪ್ರಕಾರ 2020ರಲ್ಲಿ ವಿಶ್ವದಾದ್ಯಂತ ಸುಮಾರು 20.3 ಕೋಟಿ ಜನರು ಕುತ್ತಿಗೆ ನೋವಿನಿಂದ ಬಳಲುತ್ತಿದ್ದರು. ಪುರುಷರಿಗಿಂತ ಮಹಿಳೆಯರಲ್ಲಿ ಇದರ ಪ್ರಮಾಣ ಹೆಚ್ಚು. ಶಾಲಾ ಶಿಕ್ಷಕರ ಬಗ್ಗೆ ವಿವಿಧ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಲಾದ ವಿಮರ್ಶೆಯೊಂದರಲ್ಲಿ, ಸ್ನಾಯು ಮತ್ತು ಮೂಳೆಗೆ ಸಂಬಂಧಿಸಿದ ತೊಂದರೆಗಳು ಶೇ. 39ರಿಂದ ಶೇ. 95ರಷ್ಟು ಶಿಕ್ಷಕರಲ್ಲಿ ಕಂಡುಬಂದಿರುವುದಾಗಿ ತಿಳಿಸಲಾಗಿದೆ. ಬೆನ್ನು, ಕುತ್ತಿಗೆ ಮತ್ತು ತೋಳು ಮುಖ್ಯವಾಗಿ ಬಾಧಿತವಾಗುವ ಭಾಗಗಳು.

ಗ್ರಾಮೀಣ ಶಾಲೆಗಳಲ್ಲಿ ಈ ನೋವಿನ ಪರಿಣಾಮ ಶಿಕ್ಷಕರೊಬ್ಬರಿಗೆ ಮಾತ್ರ ಸೀಮಿತವಾಗುವುದಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ನೋವಿನಿಂದ ರಜೆ ಹಾಕಿದರೆ ಎಲ್ಲ ತರಗತಿಗಳ ಹೊಣೆ ಇನ್ನೊಬ್ಬರ ಮೇಲೆ ಬೀಳುತ್ತದೆ; ಮಕ್ಕಳ ಕಲಿಕೆಗೆ ನೇರವಾಗಿ ಧಕ್ಕೆಯಾಗುತ್ತದೆ. ಇದೇ ಕಾರಣಕ್ಕೆ ಅನೇಕರು ರಜೆಯನ್ನೂ ಹಾಕದೆ, ಚಿಕಿತ್ಸೆಯನ್ನೂ ಪಡೆಯದೆ ದಿನ ದೂಡುತ್ತಾರೆ.

3. ಕುತ್ತಿಗೆಯ ರಚನೆ

ಕುತ್ತಿಗೆಯಲ್ಲಿ 7 ಕಶೇರುಮಣಿಗಳಿವೆ. ಇವುಗಳ ನಡುವೆ ಮೆತ್ತನೆಯ ತಟ್ಟೆಗಳು, ಅಂದರೆ ಡಿಸ್ಕ್‌ಗಳು ಇರುತ್ತವೆ. ಈ ಭಾಗದಿಂದ 8 ಜೊತೆ ನರಗಳು ಹೊರಟು ಭುಜ, ತೋಳು ಮತ್ತು ಕೈಗಳಿಗೆ ಹೋಗುತ್ತವೆ. ಆದುದರಿಂದಲೇ ಕುತ್ತಿಗೆಯ ತೊಂದರೆಯು ಕೆಲವೊಮ್ಮೆ ಬೆರಳುಗಳಲ್ಲಿ ಜೋಮಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ವಯಸ್ಕರ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಈ ತೂಕವನ್ನು ಎತ್ತಿ ಹಿಡಿಯುವ ಸ್ನಾಯುಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು.

ಅ) ಮೇಲ್ಪದರದ ಸ್ನಾಯುಗಳು: ಕುತ್ತಿಗೆಯ ಹಿಂಭಾಗದಿಂದ ಭುಜದವರೆಗೆ ಹರಡಿರುವ ಟ್ರೆಪೀಜಿಯಸ್ ಮತ್ತು ಕಿವಿಯ ಹಿಂಬದಿಯಿಂದ ಎದೆಮೂಳೆಯವರೆಗೆ ಬರುವ ಸ್ನಾಯು ಇದರಲ್ಲಿ ಮುಖ್ಯವಾದವು. ಇವು ತಲೆಯನ್ನು ತಿರುಗಿಸಲು ಮತ್ತು ಭಾರ ಎತ್ತಲು ಬೇಕಾದ ದೊಡ್ಡ ಸ್ನಾಯುಗಳು.

ಆ) ಆಳದ ಸ್ನಾಯುಗಳು: ಇವು ಕಶೇರುಮಣಿಗಳಿಗೆ ಅಂಟಿಕೊಂಡಂತೆ ಇರುವ ಸಣ್ಣ ಸ್ನಾಯುಗಳು. ಮಣಿಗಳನ್ನು ಅವುಗಳ ಸ್ಥಾನದಲ್ಲಿ ದಿನವಿಡೀ ನಿಲ್ಲಿಸುವುದು ಇವುಗಳ ಕೆಲಸ.

ನೋವು ಬಂದಾಗ ಆಳದ ಸ್ನಾಯುಗಳು ತಮ್ಮ ಕೆಲಸವನ್ನು ಸರಿಯಾಗಿ ನಿರ್ವಹಿಸುವುದಿಲ್ಲ. ಅವುಗಳ ಕೆಲಸವನ್ನೂ ಮೇಲ್ಪದರದ ಸ್ನಾಯುಗಳೇ ಮಾಡಬೇಕಾಗಿ ಬರುತ್ತದೆ. ಭುಜದ ಮೇಲ್ಭಾಗ ಸಂಜೆಯ ಹೊತ್ತಿಗೆ ಕಲ್ಲಿನಂತೆ ಬಿಗಿಯಾಗುವುದಕ್ಕೆ ಇದು ಒಂದು ಕಾರಣ. ಗುಳಿಗೆಯಿಂದ ನೋವು ಇಳಿದ ಮಾತ್ರಕ್ಕೆ ಆಳದ ಸ್ನಾಯುಗಳು ತಾವಾಗಿ ಮೊದಲಿನ ಸ್ಥಿತಿಗೆ ಮರಳುತ್ತವೆಂಬ ಭರವಸೆಯಿಲ್ಲ. ನೋವು ಮತ್ತೆ ಮತ್ತೆ ಮರುಕಳಿಸುವುದರ ಹಿಂದೆ ಇದೂ ಒಂದು ಕಾರಣವಾಗಿರಬಹುದು.

4. ಶಿಕ್ಷಕರಿಗೆ ಈ ನೋವು ಏಕೆ ಹೆಚ್ಚು?

ತಲೆಯನ್ನು ಮುಂದಕ್ಕೆ ಬಾಗಿಸಿದಷ್ಟೂ ಕುತ್ತಿಗೆಯ ಮೇಲಿನ ಹೊರೆ ಹೆಚ್ಚುತ್ತದೆ. ಅಮೆರಿಕದ ಶಸ್ತ್ರವೈದ್ಯರೊಬ್ಬರು 2014ರಲ್ಲಿ ಕಂಪ್ಯೂಟರ್ ಮಾದರಿಯ ನೆರವಿನಿಂದ ಮಾಡಿದ ಅಂದಾಜಿನಂತೆ, 15 ಡಿಗ್ರಿ ಬಾಗಿದಾಗ ಈ ಹೊರೆ ಸುಮಾರು 12 ಕಿಲೋಗ್ರಾಂ, 30 ಡಿಗ್ರಿಯಲ್ಲಿ 18, 45 ಡಿಗ್ರಿಯಲ್ಲಿ 22 ಹಾಗೂ 60 ಡಿಗ್ರಿಯಲ್ಲಿ 27 ಕಿಲೋಗ್ರಾಂನಷ್ಟಾಗುತ್ತದೆ. ಇವು ಲೆಕ್ಕಾಚಾರದಿಂದ ಪಡೆದ ಅಂಕಿಗಳು. ಹೊರೆ ಏರುವ ಕ್ರಮವನ್ನು ಅರ್ಥ ಮಾಡಿಕೊಳ್ಳಲು ಇವು ಸಾಕು.

ನಮ್ಮ ರಾಜ್ಯದ ಶಿಕ್ಷಕರ ದೈನಂದಿನ ಕಾರ್ಯದಲ್ಲಿ ಈ ಬಾಗುವಿಕೆ ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಗಮನಿಸಬಹುದು.

1) ನಲಿ-ಕಲಿ ತರಗತಿಗಳು: 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯು 2009-10ರಿಂದ ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳಿಗೆ ವಿಸ್ತರಣೆಯಾಯಿತು. ಮಕ್ಕಳು ನೆಲದ ಮೇಲೆ ಗುಂಪುಗಳಲ್ಲಿ ಕುಳಿತು ಕಲಿಯುತ್ತಾರೆ. ಇದು ಮಕ್ಕಳಿಗೆ ಹಿತವಾದುದು. ಆದರೆ ನಿಂತಲ್ಲಿಂದಲೇ ಪ್ರತಿ ಗುಂಪಿನತ್ತ ಬಗ್ಗಿ ನೋಡುವ ಶಿಕ್ಷಕರ ಕುತ್ತಿಗೆ ದಿನಕ್ಕೆ ನೂರಾರು ಬಾರಿ ಬಾಗುತ್ತದೆ.

2) ಪುಸ್ತಕ ತಿದ್ದುವಿಕೆ ಮತ್ತು ಮೌಲ್ಯಮಾಪನ: ಮೇಜಿನ ಮೇಲೆ ಚಪ್ಪಟೆಯಾಗಿಟ್ಟ ಪುಸ್ತಕವನ್ನು ತಿದ್ದುವಾಗ ತಲೆ ದೀರ್ಘಕಾಲ ಒಂದೇ ಕೋನದಲ್ಲಿ ನಿಂತಿರುತ್ತದೆ. 2024ರಿಂದ ಎಸ್ಎಸ್ಎಲ್‌ಸಿ ಪರೀಕ್ಷೆಯು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ನಡೆಯುತ್ತಿರುವುದರಿಂದ ಪ್ರೌಢಶಾಲಾ ಶಿಕ್ಷಕರ ಮೌಲ್ಯಮಾಪನ ಕಾರ್ಯವೂ ಹೆಚ್ಚಿದೆ.

3) ಮೊಬೈಲ್ ದೂರವಾಣಿಯಲ್ಲಿ ದಾಖಲೆ: ಹಾಜರಾತಿ, ವಿದ್ಯಾರ್ಥಿಗಳ ವಿವರ ಮುಂತಾದವು ಈಗ ಆನ್‌ಲೈನ್‌ನಲ್ಲಿ ದಾಖಲಾಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಗಣತಿದಾರರಾಗಿ ಮನೆ ಮನೆಗೆ ತೆರಳಿ, 60 ಪ್ರಶ್ನೆಗಳ ಉತ್ತರಗಳನ್ನು ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿದರು. ಅಂಗಳದಲ್ಲಿ ನಿಂತು, ಬಿಸಿಲಿನಲ್ಲಿ ಪರದೆ ಸ್ಪಷ್ಟವಾಗಿ ಕಾಣದೆ, ತಲೆ ಬಗ್ಗಿಸಿ ಮಾಡುವ ಈ ಬಗೆಯ ಕೆಲಸ ಕುತ್ತಿಗೆಗೆ ಅತ್ಯಂತ ಶ್ರಮದಾಯಕ.

4) ಕಪ್ಪುಹಲಗೆಯ ಬರವಣಿಗೆ: ಇಲ್ಲಿ ತೊಂದರೆ ಬಾಗುವುದರಿಂದ ಬರುವುದಲ್ಲ. ಕೈಯನ್ನು ತಲೆಗಿಂತ ಮೇಲೆತ್ತಿ, ಕತ್ತನ್ನು ಹಿಂದಕ್ಕೆ ಚಾಚಿ ಬರೆಯುವಾಗ ಭುಜದ ಸ್ನಾಯುಗಳು ದಣಿಯುತ್ತವೆ.

5) ಪ್ರಯಾಣ: ಬಾಗೇವಾಡಿ, ತಾಳಿಕೋಟೆ, ಮುದ್ದೇಬಿಹಾಳ ಅಥವಾ ವಿಜಯಪುರದಿಂದ ಹಳ್ಳಿಯ ಶಾಲೆಗೆ ಬಸ್ಸಿನಲ್ಲೋ ದ್ವಿಚಕ್ರ ವಾಹನದಲ್ಲೋ ದಿನಂಪ್ರತಿ ಓಡಾಡುವವರಿಗೆ ಕೆಟ್ಟ ರಸ್ತೆಯ ಕುಲುಕಾಟವೂ ಸೇರಿಕೊಳ್ಳುತ್ತದೆ.

6) ಮನೆಗೆಲಸ: ಶಿಕ್ಷಕಿಯರು ಮುಂಜಾನೆ ಜೋಳದ ರೊಟ್ಟಿ ಬಡಿಯುವಾಗ, ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ತಲೆ ಬಾಗಿಯೇ ಇರುತ್ತದೆ. ಶಾಲೆಯ ಗಂಟೆ ಬಾರಿಸುವ ಮೊದಲೇ ಅವರ ಕುತ್ತಿಗೆ ಒಂದು ಪಾಳಿಯ ಕೆಲಸ ಮುಗಿಸಿರುತ್ತದೆ.

ಇದಲ್ಲದೆ ನಿದ್ರಾಹೀನತೆ ಮತ್ತು ಮಾನಸಿಕ ಒತ್ತಡ ಸಹ ನೋವನ್ನು ಹೆಚ್ಚಿಸುತ್ತವೆ.

5. ಹೊರೆ ಮತ್ತು ಬಲ: ಜಮಾ-ಖರ್ಚಿನ ಲೆಕ್ಕ

ಮೇಲಿನ ವಿಷಯವನ್ನು ಜಮಾ-ಖರ್ಚಿನ ರೂಪದಲ್ಲಿ ಹೇಳಬಹುದು. ಕುತ್ತಿಗೆಯ ಮೇಲೆ ಬೀಳುವ ಹೊರೆ ಖರ್ಚು. ಸ್ನಾಯುಗಳ ಬಲ ಜಮಾ. ಖರ್ಚು ಜಮೆಯನ್ನು ಮೀರಿದ ದಿನ ನೋವು ಕಾಣಿಸಿಕೊಳ್ಳುತ್ತದೆ. ಭಂಗಿ ಸರಿಪಡಿಸಿಕೊಳ್ಳಿ, ಬಾಗಬೇಡಿ, ಮೊಬೈಲ್ ಕಡಿಮೆ ಮಾಡಿ ಎಂಬ ಸಲಹೆಗಳೆಲ್ಲ ಖರ್ಚು ತಗ್ಗಿಸುವ ಸಲಹೆಗಳು. ಅವು ಅಗತ್ಯವೇ. ಆದರೆ ಮಕ್ಕಳತ್ತ ಬಾಗದೆ, ಪುಸ್ತಕ ತಿದ್ದದೆ ಶಿಕ್ಷಕ ವೃತ್ತಿ ನಡೆಯುವುದಿಲ್ಲ. ಖರ್ಚನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಾಗದಿದ್ದಾಗ ಉಳಿಯುವ ದಾರಿ ಜಮೆಯನ್ನು ಹೆಚ್ಚಿಸುವುದು.

ಹಲವು ದಿನಗಳ ಸಂಪೂರ್ಣ ವಿಶ್ರಾಂತಿ ಮತ್ತು ಬಹುಕಾಲ ಧರಿಸುವ ಕುತ್ತಿಗೆ ಪಟ್ಟಿ ಇದಕ್ಕೆ ವಿರುದ್ಧವಾದ ಪರಿಣಾಮ ಬೀರುತ್ತವೆ. ಕೆಲಸವಿಲ್ಲದ ಸ್ನಾಯು ಕ್ಷೀಣಿಸುತ್ತದೆ. ಪಟ್ಟಿ ತೆಗೆದ ದಿನ ಹೊರೆ ಅಷ್ಟೇ ಇರುತ್ತದೆ, ಬಲ ಮಾತ್ರ ಕಡಿಮೆಯಾಗಿರುತ್ತದೆ.

6. ಅಧ್ಯಯನಗಳು ಏನು ಹೇಳುತ್ತವೆ?

ಫಿನ್ಲೆಂಡ್ ದೇಶದಲ್ಲಿ ದೀರ್ಘಕಾಲದ ಕುತ್ತಿಗೆ ನೋವಿದ್ದ 180 ಮಹಿಳಾ ಕಚೇರಿ ನೌಕರರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಒಂದು ವರ್ಷ ಕಾಲ ಗಮನಿಸಲಾಯಿತು. ಇದರ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಮೊದಲ ಗುಂಪಿಗೆ ಕುತ್ತಿಗೆಯ ಬಲ ಹೆಚ್ಚಿಸುವ ವ್ಯಾಯಾಮ, ಎರಡನೆಯ ಗುಂಪಿಗೆ ತಾಳಿಕೆ ಹೆಚ್ಚಿಸುವ ವ್ಯಾಯಾಮ ಕಲಿಸಲಾಯಿತು. ಮೂರನೆಯ ಗುಂಪಿಗೆ ಸಾಮಾನ್ಯ ಚಟುವಟಿಕೆ ಮತ್ತು ಸ್ನಾಯು ಹಿಗ್ಗಿಸುವಿಕೆಯ ಸಲಹೆ ಮಾತ್ರ ನೀಡಲಾಯಿತು. ವರ್ಷದ ಕೊನೆಯಲ್ಲಿ ಗಣನೀಯ ಅಥವಾ ಸಂಪೂರ್ಣ ಉಪಶಮನ ಕಂಡವರು ಮೊದಲ ಗುಂಪಿನಲ್ಲಿ ಶೇ. 73, ಎರಡನೆಯದರಲ್ಲಿ ಶೇ. 59, ಮೂರನೆಯದರಲ್ಲಿ ಶೇ. 21.

"ಸಮಯ ಎಲ್ಲಿದೆ?" ಎನ್ನುವವರು ಡೆನ್ಮಾರ್ಕ್‌ನ ಇನ್ನೊಂದು ಅಧ್ಯಯನವನ್ನು ಗಮನಿಸಬಹುದು. 2011ರಲ್ಲಿ ಪ್ರಕಟವಾದ ಇದರಲ್ಲಿ ಕುತ್ತಿಗೆ ಮತ್ತು ಭುಜದ ನೋವು ಪದೇ ಪದೇ ಬರುತ್ತಿದ್ದ 198 ಮಂದಿ ಭಾಗವಹಿಸಿದ್ದರು. ರಬ್ಬರ್ ಪಟ್ಟಿಯ ಸಹಾಯದಿಂದ ದಿನಕ್ಕೆ 2 ನಿಮಿಷ ವ್ಯಾಯಾಮ ಮಾಡಿದವರಲ್ಲಿಯೂ 10 ವಾರಗಳಲ್ಲಿ ನೋವು ಇಳಿಯಿತು. 12 ನಿಮಿಷ ಮಾಡಿದವರಲ್ಲಿ ತುಸು ಹೆಚ್ಚು ಇಳಿಯಿತು. ನಿಯಮಿತವಾಗಿ ಮಾಡಿದ ಅಲ್ಪ ವ್ಯಾಯಾಮವೂ ವ್ಯರ್ಥವಲ್ಲ ಎಂಬುದು ಇದರ ತಾತ್ಪರ್ಯ.

7. ಸ್ನಾಯುಬಲ ಹೆಚ್ಚಿಸುವ ವ್ಯಾಯಾಮಗಳು

ಪ್ರಾರಂಭಿಸುವ ಮೊದಲು 9ನೇ ಕ್ರಮಾಂಕದಲ್ಲಿ ತಿಳಿಸಿರುವ ಅಪಾಯದ ಲಕ್ಷಣಗಳು ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ತೋಳಿಗೆ ಇಳಿಯುವ ನೋವು ಇದ್ದವರು ಮತ್ತು ಹಿಂದೆ ಕುತ್ತಿಗೆಗೆ ಪೆಟ್ಟು ಬಿದ್ದವರು ಮೊದಲು ವೈದ್ಯರ ಅಥವಾ ಫಿಸಿಯೋಥೆರಪಿ ತಜ್ಞರ ಸಲಹೆ ಪಡೆಯಬೇಕು. ವ್ಯಾಯಾಮದ ವೇಳೆ ಉಸಿರು ಬಿಗಿಹಿಡಿಯಬಾರದು.

ಮೊದಲ ಹಂತ (1 ಮತ್ತು 2ನೇ ವಾರ): ಗದ್ದ ಒಳಸರಿಸುವುದು.
ಚಾಪೆಯ ಮೇಲೆ ಅಂಗಾತ ಮಲಗಿ, ತಲೆಯ ಕೆಳಗೆ ಮಡಿಸಿದ ಟವೆಲ್ ಇಡಿ. ತಲೆಯನ್ನು ಎತ್ತದೆ, "ಹೌದು" ಎಂದು ತಲೆಯಾಡಿಸುವಂತೆ ಗದ್ದವನ್ನು ಮೆಲ್ಲನೆ ಗಂಟಲಿನ ಕಡೆಗೆ ತನ್ನಿ. 10 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಬಾರಿ. ಕುತ್ತಿಗೆಯ ಮುಂಭಾಗದ ದೊಡ್ಡ ಸ್ನಾಯುಗಳು ಹುರಿಗಟ್ಟಿದರೆ ಬಲ ಜಾಸ್ತಿಯಾಗಿದೆ ಎಂದರ್ಥ; ಇನ್ನೂ ಮೃದುವಾಗಿ ಮಾಡಿ. ಇದು ಆಳದ ಸ್ನಾಯುಗಳನ್ನು ಎಚ್ಚರಿಸುವ ವ್ಯಾಯಾಮ. ನೋಡಲು ಅತಿ ಸುಲಭವೆನಿಸುವುದರಿಂದ ಅನೇಕರು ಇದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು.

ಎರಡನೆಯ ಹಂತ (3ರಿಂದ 6ನೇ ವಾರ): ಅಂಗೈಯ ಪ್ರತಿರೋಧ.
ನೇರವಾಗಿ ಕುಳಿತು ಅಂಗೈಯನ್ನು ಹಣೆಗೆ ಒತ್ತಿ. ತಲೆಯಿಂದ ಅಂಗೈಯನ್ನು ತಳ್ಳಿ. ಆದರೆ ತಲೆ ಕದಲದಂತೆ ಅಂಗೈಯಿಂದ ತಡೆಯಿರಿ. 5ರಿಂದ 6 ಸೆಕೆಂಡು ಹಿಡಿದು ಬಿಡಿ. ಇದೇ ರೀತಿ ತಲೆಯ ಹಿಂಭಾಗ, ಬಲಬದಿ ಮತ್ತು ಎಡಬದಿಗೆ ಮಾಡಿ. ಪ್ರತಿ ದಿಕ್ಕಿನಲ್ಲಿ 10 ಬಾರಿ. ಮೊದಲ ವಾರ ಅರ್ಧ ಬಲದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಿ.

ಮೂರನೆಯ ಹಂತ (7ನೇ ವಾರದಿಂದ): ತೂಕದೊಂದಿಗೆ ಭುಜದ ವ್ಯಾಯಾಮ.
ಒಂದು ಲೀಟರಿನ ನೀರಿನ ಬಾಟಲಿ ತುಂಬಿದರೆ ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ. ಎರಡೂ ಕೈಗಳಲ್ಲಿ ಒಂದೊಂದು ಬಾಟಲಿ ಹಿಡಿದು, (ಅ) ಭುಜಗಳನ್ನು ಕಿವಿಯತ್ತ ಎತ್ತಿ ನಿಧಾನವಾಗಿ ಇಳಿಸಿ. (ಆ) ತೋಳುಗಳನ್ನು ಬದಿಯಿಂದ ಭುಜದ ಎತ್ತರದವರೆಗೆ ಎತ್ತಿ ಇಳಿಸಿ. (ಇ) ಬೆನ್ನಿನ ಎರಡು ರೆಕ್ಕೆ ಮೂಳೆಗಳನ್ನು ಪರಸ್ಪರ ಹತ್ತಿರಕ್ಕೆ ತಂದು ಬಿಡಿ. ಪ್ರತಿಯೊಂದನ್ನೂ 10ರಿಂದ 12 ಬಾರಿ, ಎರಡು ಸುತ್ತು. ವಾರಕ್ಕೆ ಮೂರು ದಿನ ಸಾಕು. ನಡುವಿನ ದಿನ ಸ್ನಾಯುಗಳಿಗೆ ಬಿಡುವು. ಸುಲಭವೆನಿಸಿದಾಗ ಎರಡು ಲೀಟರಿನ ಬಾಟಲಿ ಬಳಸಬಹುದು.

ಹೊಸ ವ್ಯಾಯಾಮ ಆರಂಭಿಸಿದ ಒಂದೆರಡು ದಿನ ಸ್ನಾಯು ನೊಂದಂತೆ ಆಗುವುದು ಸಹಜ. ನೋವು ಮರುದಿನವೂ ಹೆಚ್ಚುತ್ತಲೇ ಹೋದರೆ ಹಿಂದಿನ ಹಂತಕ್ಕೆ ಮರಳಬೇಕು. ಫಲ ಕಾಣಲು ಸಾಮಾನ್ಯವಾಗಿ 6ರಿಂದ 10 ವಾರ ಬೇಕು. ನೋವು ಹೋಯಿತೆಂದು ವ್ಯಾಯಾಮ ನಿಲ್ಲಿಸಿದರೆ ಗಳಿಸಿದ ಬಲ ಮತ್ತೆ ಕರಗುತ್ತದೆ.

8. ಹೊರೆ ತಗ್ಗಿಸುವ ಸರಳ ಕ್ರಮಗಳು

* ನಲಿ-ಕಲಿ ತರಗತಿಯಲ್ಲಿ ನಿಂತು ಬಗ್ಗುವ ಬದಲು ಕಡಿಮೆ ಎತ್ತರದ ಮಣೆಯ ಮೇಲೆ ಮಕ್ಕಳೊಂದಿಗೆ ಕುಳಿತುಕೊಳ್ಳುವುದು.
* ಪುಸ್ತಕ ತಿದ್ದುವಾಗ ಓರೆಯಾದ ಹಲಗೆ ಅಥವಾ ನಾಲ್ಕೈದು ದಪ್ಪ ಪುಸ್ತಕಗಳ ಮೇಲೆ ಇಟ್ಟ ರಟ್ಟು ಬಳಸುವುದು. ಪ್ರತಿ 20-30 ನಿಮಿಷಕ್ಕೊಮ್ಮೆ ಎದ್ದು ನಿಲ್ಲುವುದು.
* ಮೊಬೈಲನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯುವುದು. ಮನೆ ಭೇಟಿಯ ಸಂದರ್ಭದಲ್ಲಿ ಸಾಧ್ಯವಾದಷ್ಟು ಕುಳಿತು, ನೆರಳಿನಲ್ಲಿ ನಮೂದಿಸುವುದು.
* ಕಪ್ಪುಹಲಗೆಯಲ್ಲಿ ಕಣ್ಣಿನ ಮಟ್ಟದ ಭಾಗವನ್ನು ಹೆಚ್ಚು ಬಳಸುವುದು.
* ಒಂದೇ ಹೆಗಲಿಗೆ ತೂಗುಹಾಕುವ ಚೀಲದ ಬದಲು ಎರಡೂ ಹೆಗಲಿನ ಚೀಲ ಬಳಸುವುದು.
* ಎರಡು ದಿಂಬಿನ ಮೇಲೆ ಅಥವಾ ಹೊಟ್ಟೆಯ ಮೇಲೆ ಮಲಗುವ ಅಭ್ಯಾಸವಿದ್ದಲ್ಲಿ ಬಿಡುವುದು.
* ಚಾಳೀಸು ಬಂದಿದ್ದರೆ ಸರಿಯಾದ ಕನ್ನಡಕ ಪಡೆಯುವುದು. ಅಕ್ಷರ ಕಾಣದೆ ಕತ್ತು ಚಾಚುವುದೂ ನೋವಿಗೆ ಕಾರಣ.

ಮುಖ್ಯ ಶಿಕ್ಷಕರು ಪ್ರಾರ್ಥನೆಯ ನಂತರ ಮಕ್ಕಳು ಮಾಡುವ ಅಂಗಸಾಧನೆಯಲ್ಲಿ ಶಿಕ್ಷಕರೂ ಎರಡು ನಿಮಿಷ ಪಾಲ್ಗೊಳ್ಳುವಂತೆ ಪ್ರೋತ್ಸಾಹಿಸಬಹುದು. ಇದಕ್ಕೆ ಯಾವುದೇ ಅನುದಾನದ ಅಗತ್ಯವಿಲ್ಲ.

9. ಅಪಾಯದ ಲಕ್ಷಣಗಳು: ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

1) ಕೈಯಲ್ಲಿ ಬಲಹೀನತೆ, ಸೀಮೆಸುಣ್ಣ ಕೈಜಾರಿ ಬೀಳುವುದು, ಗುಂಡಿ ಹಾಕಲು ಕಷ್ಟವಾಗುವುದು.
2) ನಡಿಗೆಯಲ್ಲಿ ತೂರಾಟ, ಕಾಲುಗಳಲ್ಲಿ ಬಿಗಿತ, ಮಲಮೂತ್ರದ ಹಿಡಿತ ತಪ್ಪುವುದು.
3) ಬಿದ್ದ ಅಥವಾ ಅಪಘಾತವಾದ ನಂತರ ಆರಂಭವಾದ ನೋವು.
4) ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ.
5) ಜ್ವರ ಮತ್ತು ತೀವ್ರ ತಲೆನೋವಿನೊಂದಿಗೆ ಕತ್ತು ಬಾಗಿಸಲಾಗದ ಸ್ಥಿತಿ.
6) ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆಯೊಂದಿಗೆ ಕುತ್ತಿಗೆ, ದವಡೆ ಅಥವಾ ಎಡತೋಳಿನ ನೋವು. ಇದು ಹೃದಯಕ್ಕೆ ಸಂಬಂಧಿಸಿರಬಹುದು.

ಕೊನೆಯ ಎರಡು ಸಂದರ್ಭಗಳಲ್ಲಿ ಹಾಗೂ ಅಪಘಾತದಲ್ಲಿ 108 ಸಂಖ್ಯೆಗೆ ಕರೆ ಮಾಡತಕ್ಕದ್ದು. ಉಳಿದ ಲಕ್ಷಣಗಳಿದ್ದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ದಿನ ತೋರಿಸಿಕೊಳ್ಳುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಕ್ಸ್-ರೇಯಲ್ಲಿ ಸವೆತ ಇದೆ ಎಂದಿದ್ದಾರೆ. ವ್ಯಾಯಾಮದಿಂದ ಪ್ರಯೋಜನವೇನು?
ಉತ್ತರ: ಸವೆತವು ವಯಸ್ಸಿನೊಂದಿಗೆ ಬರುವ ಬದಲಾವಣೆ. ಜಪಾನಿನಲ್ಲಿ ಕುತ್ತಿಗೆಯ ತೊಂದರೆಯಿಲ್ಲದ 1,211 ಮಂದಿಯನ್ನು ಎಂಆರ್‌ಐ ಪರೀಕ್ಷೆಗೆ ಒಳಪಡಿಸಿದಾಗ ಶೇ. 87.6ರಷ್ಟು ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಂಡುಬಂದಿತು ಎಂದು 2015ರಲ್ಲಿ ವರದಿಯಾಗಿದೆ. ಚಿತ್ರದಲ್ಲಿ ಕಂಡ ಸವೆತವೇ ನೋವಿಗೆ ಕಾರಣವೆಂದು ಹೇಳಲಾಗದು. ಸವೆತ ಇದ್ದವರೂ ಸ್ನಾಯುಬಲ ಹೆಚ್ಚಿಸಿಕೊಳ್ಳಬಹುದು.

ಪ್ರಶ್ನೆ: ಕ್ಷೌರದ ಅಂಗಡಿಯಲ್ಲಿ ಗೋಣು ಲಟಕ್ಕೆನಿಸಿದರೆ ಹಗುರವಾಗುತ್ತದೆ. ತಪ್ಪೇ?
ಉತ್ತರ: ಆ ಹಗುರ ತಾತ್ಕಾಲಿಕ. ಕುತ್ತಿಗೆಯ ಮಣಿಗಳ ಮೂಲಕ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಹಠಾತ್ ಎಳೆತದಿಂದ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪವಾದರೂ ಅಪಾಯ ದೊಡ್ಡದು, ಇದನ್ನು ಮಾಡಿಸಿಕೊಳ್ಳಬಾರದು.

ಪ್ರಶ್ನೆ: ನೋವಿನ ಗುಳಿಗೆಯನ್ನು ನಿತ್ಯ ಸೇವಿಸಬಹುದೇ?
ಉತ್ತರ: ಔಷಧ ಅಂಗಡಿಯಿಂದ ತಾವೇ ಪಡೆದು ನಿತ್ಯ ಸೇವಿಸಬಾರದು. ಡೈಕ್ಲೋಫೆನಾಕ್‌ನಂತಹ ಗುಳಿಗೆಗಳ ದೀರ್ಘ ಬಳಕೆಯಿಂದ ಜಠರದ ಹುಣ್ಣು, ಮೂತ್ರಪಿಂಡದ ಹಾನಿ ಮತ್ತು ಹೃದಯದ ತೊಂದರೆ ಉಂಟಾಗಬಹುದು. ಮಧುಮೇಹ, ರಕ್ತದೊತ್ತಡ ಇದ್ದವರು ವಿಶೇಷ ಎಚ್ಚರ ವಹಿಸಬೇಕು.

ಪ್ರಶ್ನೆ: ಚಿಕಿತ್ಸೆಗಾಗಿ ರಜೆ ಅನಿವಾರ್ಯವಾದರೆ?
ಉತ್ತರ: ಸರ್ಕಾರಿ ಶಿಕ್ಷಕರು ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ ತಮ್ಮ ಖಾತೆಯಲ್ಲಿರುವ ಅರ್ಧ ವೇತನ ರಜೆಯನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಲು ಅವಕಾಶವಿದೆ. ಪಡೆದ ದಿನಗಳ ಎರಡರಷ್ಟು ಅರ್ಧ ವೇತನ ರಜೆ ಖಾತೆಯಿಂದ ಕಡಿತವಾಗುತ್ತದೆ. ನೋವನ್ನು ಮುಚ್ಚಿಟ್ಟು ತಿಂಗಳುಗಟ್ಟಲೆ ಮಲಗುವಂತಾಗುವುದಕ್ಕಿಂತ ಮೊದಲೇ ಕೆಲವು ದಿನ ಬಳಸಿ ತಜ್ಞರಿಂದ ವ್ಯಾಯಾಮ ಕಲಿತುಕೊಳ್ಳುವುದು ಲೇಸು.

11. ಮುಕ್ತಾಯ

ಪ್ರತಿ ಶಾಲೆಯಲ್ಲಿಯೂ ಮಕ್ಕಳತ್ತ ಬಾಗುವ ಒಂದು ಕುತ್ತಿಗೆ ಇದ್ದೇ ಇರುತ್ತದೆ. ಆ ಬಾಗುವಿಕೆಯನ್ನು ಬೋಧನೆಯಿಂದ ಬೇರ್ಪಡಿಸಲಾಗದು. ಅದನ್ನು ತಾಳಿಕೊಳ್ಳುವ ಬಲವನ್ನು ಮಾತ್ರ ದಿನಕ್ಕೆ ಕೆಲವು ನಿಮಿಷಗಳ ಶ್ರಮದಿಂದ ಗಳಿಸಬಹುದು. ಒಂದು ಚಾಪೆ, ಒಂದು ಟವೆಲ್ ಮತ್ತು ಎರಡು ನೀರಿನ ಬಾಟಲಿಗಳಿಗಿಂತ ಹೆಚ್ಚಿನ ಸಲಕರಣೆ ಇದಕ್ಕೆ ಬೇಕಿಲ್ಲ. ಶಿಕ್ಷಕ-ಶಿಕ್ಷಕಿಯರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆ ಹಾಗೂ ಸಹೋದ್ಯೋಗಿಗಳಿಗೂ ತಿಳಿಸುವಂತೆ ಕೋರಲಾಗಿದೆ.

ಸೂಚನೆ: ಈ ಲೇಖನವು ಸಾರ್ವಜನಿಕ ತಿಳುವಳಿಕೆಗಾಗಿ ಮಾತ್ರ. ವೈದ್ಯರ ಪರೀಕ್ಷೆ ಮತ್ತು ಸಲಹೆಗೆ ಇದು ಪರ್ಯಾಯವಲ್ಲ.